ಅತ್ತಿಗೆಯ ಎಡಗೈ

ನಮ್ಮ ಅತ್ತಿಗೆ ವಯಸ್ಸಿನಲ್ಲಿ ನನಗಿಂತ ನಾಲ್ಕು ತಿಂಗಳು ಚಿಕ್ಕವಳು. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನದ ಕಾಟ ಮೊದಲಿನಿಂದಲೂ ಇಲ್ಲ. ಅಣ್ಣನ ಕೈಹಿಡಿದು ಈ ಮನೆಗೆ ಬಂದಾಗ ಔಷಧಿ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಹನ್ನೊಂದು ವರ್ಷ ಮಾಡಿದ ಮೇಲೆ ಆ ಕೆಲಸಕ್ಕೆ ಯಂತ್ರ ಬಂತು, ಅವಳು ಮನೆಗೆ ಬಂದಳು. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಗೋಡೆಯ ಮೇಲೆ ಆಳೆತ್ತರ ಬರೆದಿಟ್ಟ ವೇಳಾಪಟ್ಟಿಯ ಕೆಳಗೇ ನಿಂತುಕೊಂಡು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಜನರಿಗೆ ಬೆಳಗಿನಿಂದ ಸಂಜೆಯವರೆಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಉದ್ದವಾಗಿದೆ ಎಂದು ಮನೆಯವರ ದೂರು. ಇರಲಿ. ಈ ಕಥೆ ಹೇಳಲು ಅಂಥ ನಾಲಿಗೆಯೇ ಬೇಕು.

ಶುರುವಾದದ್ದು ಅಪ್ಪನಿಂದ. ಅಪ್ಪನಿಗೆ ಒಂದು ಹಳೆಯ ಬೆತ್ತದ ಕುರ್ಚಿ ಇತ್ತು, ಕೂರುವ ಜಾಗದಲ್ಲಿ ಬೆತ್ತದ ಎಳೆಗಳನ್ನು ಜಾಲರಿಯ ಹಾಗೆ ಹೆಣೆದದ್ದು. ಒಂದು ಬೆಳಿಗ್ಗೆ ಪೇಪರ್ ಬಿಚ್ಚಿಕೊಂಡು ಕೂತವರು ಸೀದಾ ಒಳಕ್ಕೆ ಇಳಿದುಬಿಟ್ಟರು. ಮೊಣಕಾಲು ಗಲ್ಲಕ್ಕೆ ತಾಗಿಕೊಂಡು ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೂ ಪೇಪರನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತಿಗೆ ನಗಲಿಲ್ಲ. ಮಾವನನ್ನು ಎಳೆದು ಹೊರಗೆ ತೆಗೆದವಳು ತೂತಿನ ಸುತ್ತ ಬೆರಳಾಡಿಸುತ್ತಾ ಅಲ್ಲೇ ನೆಲದ ಮೇಲೆ ಕೂತಳು. ಹಲಗೆ ಹೊಡೆದುಬಿಡೋಣ ಎಂದ ಅಣ್ಣ. ವ್ಯಾನ್ ಓಡಿಸುವ ಅವನಿಗೆ ಜಗತ್ತಿನ ಸಕಲ ರೋಗಕ್ಕೂ ಒಂದು ಹಲಗೆ, ನಾಲ್ಕು ಮೊಳೆಯೇ ಮದ್ದು. ಅವಳು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಊರಿನಲ್ಲಿ ಬೆತ್ತ ಹೆಣೆಯುವವರು ಒಬ್ಬರೂ ಉಳಿದಿರಲಿಲ್ಲ. ಫೋನಿನಲ್ಲಿ ಹುಡುಕಿದಳು, ಮೇಷ್ಟ್ರು ಸಿಕ್ಕರು.

ಅವರನ್ನು ಎಲ್ಲರೂ ಬೆತ್ತದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಒಟ್ಟು ನೂರ ನಲವತ್ತು ವಿಡಿಯೋ. ಒಂದರಲ್ಲೂ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮೊಣಕೈಯಿಂದ ಕೆಳಗೆ ಎರಡು ಕೈ, ಒಂದು ಕೈಗಡಿಯಾರ, ಒಂದು ಸಮಾಧಾನದ ದನಿ, ಅಷ್ಟೇ. 'ಅವಸರ ಬೇಡ ತಾಯಿ, ಬೆತ್ತ ನೆನೀಲಿ' ಎನ್ನುವುದು ಅವರ ಮಾತು. ಅದು ನಮ್ಮ ಮನೆಯೊಳಗೆ ಎಷ್ಟು ಸೇರಿಕೊಂಡಿತೆಂದರೆ, ನಾನು ಕೆಲಸದಿಂದ ಬಂದು ಊಟ ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಅತ್ತಿಗೆ ವಿಡಿಯೋಗಳ ಕೆಳಗೆ ಅನುಮಾನಗಳನ್ನು ಬರೆದು ಹಾಕುತ್ತಿದ್ದಳು. ಮೂರು ವರ್ಷದಲ್ಲಿ ಮೇಷ್ಟ್ರು ಮೂರು ಸಲ ಉತ್ತರ ಕೊಟ್ಟಿದ್ದರು. ಮೂರೂ ಅವಳಿಗೆ ಬಾಯಿಪಾಠ.

ಈಗ ಅವಳು ಮಾಡಿದ ಹುಚ್ಚು ಕೆಲಸ ಹೇಳುತ್ತೇನೆ. ವಿಡಿಯೋದಲ್ಲಿ ಮೇಷ್ಟ್ರು ದಬ್ಬಳವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು, ಎಳೆಯನ್ನು ಎಡಗೈಯಲ್ಲೇ ಎಳೆಯುತ್ತಿದ್ದರು. ಅತ್ತಿಗೆ ಬಲಗೈಯವಳು. ಬೇರೆ ಯಾರಾದರೂ ಆಗಿದ್ದರೆ ಬಲಗೈಯಲ್ಲೇ ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಇವಳು ಮಾತ್ರ, ಗುರು ಎಡಗೈಯಲ್ಲಿ ಮಾಡಿದರೆ ನಾವೂ ಎಡಗೈಯಲ್ಲೇ ಕಲಿಯಬೇಕು, ನಡುವೆ ನಮ್ಮ ಬುದ್ಧಿ ಓಡಿಸಬಾರದು ಎಂದು ಪಟ್ಟು ಹಿಡಿದಳು. ಎಡಗೈ ಪಳಗಲಿ ಎಂದು ಬೀಗ ತೆಗೆಯುವುದು, ತಲೆ ಬಾಚುವುದು, ತರಕಾರಿ ಹೆಚ್ಚುವುದು ಎಲ್ಲವನ್ನೂ ಆ ಕೈಗೆ ದಾಟಿಸಿದಳು. ಆರು ತಿಂಗಳು ಮನೆಯಲ್ಲಿ ಏನು ಬಿದ್ದರೂ ಯಾರು ಬೀಳಿಸಿದ್ದು ಎಂದು ಕೇಳಬೇಕಾಗಿರಲಿಲ್ಲ. ಬಲಗೈಯ ಬೆರಳುಗಳಿಗೆ ದಬ್ಬಳ ಚುಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಾನು ಎಡವಟ್ಟಮ್ಮ ಎಂದು ಕರೆಯುತ್ತಿದ್ದೆ. ಕ್ಯಾರೇ ಅನ್ನಲಿಲ್ಲ. ಏಳನೇ ತಿಂಗಳಿಗೆ ಅಪ್ಪನ ಕುರ್ಚಿ ಸಿದ್ಧವಾಯಿತು. ಬೆರಳಿನಿಂದ ತಟ್ಟಿದರೆ ಢಣ್ ಎನ್ನುತ್ತಿತ್ತು. ಅಪ್ಪ ಮೊದಲ ದಿನ ಎರಡೂ ಕೈಯನ್ನು ಗೋಡೆಗೆ ಊರಿಕೊಂಡು, ದೇವರನ್ನು ನೆನೆದುಕೊಂಡು ಕೂತರು.

ಆಮೇಲೆ ಅಕ್ಕಪಕ್ಕದವರ ಕುರ್ಚಿಗಳು ಬಂದವು. ಕ್ಷೌರದಂಗಡಿಯ ಎರಡು ಕುರ್ಚಿ, ಮೂಲೆಯ ಕ್ಲಿನಿಕ್ಕಿನ ಬೆಂಚು. ಆ ಬೆಂಚಿನ ಮೇಲೆ ಕೂತು ಚೀಟಿಗೆ ಕಾಯುತ್ತಿದ್ದ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ, ಇದನ್ನು ಹೆಣೆದವರು ಯಾರು ಎಂದು ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು. ಅವರ ಓದುವ ಕೋಣೆಯಲ್ಲಿ ಅರವತ್ತು ಬೆತ್ತದ ಕುರ್ಚಿಗಳಿದ್ದವು. ಅರ್ಧಕ್ಕರ್ಧ ತೂತು, ಮಿಕ್ಕವು ಸಡಿಲ. ಅವನ್ನೆಲ್ಲ ಎಸೆದು ಪ್ಲಾಸ್ಟಿಕ್ ಕುರ್ಚಿ ಹಾಕಬೇಕೆಂದು ಗ್ರಂಥಾಲಯ ಸಮಿತಿಯ ಯೋಚನೆ. ಗ್ರಂಥಪಾಲಕಿ ಅತ್ತಿಗೆಯ ಪರವಾಗಿ ವಾದ ಮಾಡಿದರು. ಫೋನ್ ನೋಡಿ ಕಲಿತ ಹೆಂಗಸಿಗೆ ಅರವತ್ತು ಕುರ್ಚಿ ಒಪ್ಪಿಸುವುದೇ ಎಂದು ಸಮಿತಿಯವರು ಮೂಗು ಮುರಿದರು. ಕೊನೆಗೆ, ಹೆಸರುವಾಸಿಯಾದ ಕಸುಬುದಾರರೊಬ್ಬರ ಶಿಫಾರಸು ಬೇಕು, ಸೋಮವಾರದ ಸಭೆಗೆ ತನ್ನಿ, ಇಲ್ಲದಿದ್ದರೆ ಪ್ಲಾಸ್ಟಿಕ್ಕೇ ಎಂದರು.

ಮನೆಯಲ್ಲೂ ಒಂದು ಗಡುವು ಇತ್ತು. ಊರಾಚೆ ಹೊಸದೊಂದು ಪ್ಯಾಕಿಂಗ್ ಕಂಪನಿ ತೆರೆದಿತ್ತು, ಅರ್ಜಿ ಹಾಕು ಎಂದು ಅಣ್ಣ ದುಂಬಾಲು ಬಿದ್ದಿದ್ದ. ಗ್ರಂಥಾಲಯದ ಕೆಲಸ ಸಿಗದಿದ್ದರೆ ಹಾಕುತ್ತೇನೆ, ಮತ್ತೆ ಬೆತ್ತ ಮುಟ್ಟುವುದಿಲ್ಲ ಎಂದು ಅತ್ತಿಗೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತನ್ನು ಗಾಳಿಗೆ ತೂರುವವಳಲ್ಲ ಅವಳು. ಅದೇ ನನಗೆ ಭಯ.

ಅದೃಷ್ಟಕ್ಕೆ ಆ ಶನಿವಾರವೇ ಮೇಷ್ಟ್ರು ಮೂರು ಗಂಟೆ ದೂರದ ಊರಿನಲ್ಲಿ ಒಂದು ದಿನದ ತರಗತಿ ಇಟ್ಟುಕೊಂಡಿದ್ದರು. ಅತ್ತಿಗೆ ಅವರಿಗೆ ಎಲ್ಲವನ್ನೂ ಬರೆದಳು. ನಾಲ್ಕನೇ ಉತ್ತರ ಬಂತು. ನಿಮ್ಮ ಕೈಯ ಒಂದು ಹೆಣಿಗೆ ತನ್ನಿ, ಚೆನ್ನಾಗಿದ್ದರೆ ಪತ್ರ ಬರೆದುಕೊಡುತ್ತೇನೆ ಎಂದಿತ್ತು. ಆ ನಾಲ್ಕು ಸಾಲನ್ನು ಅವಳು ಅಪ್ಪನಿಗೆ, ಅಣ್ಣನಿಗೆ, ನನಗೆ ಬೇರೆ ಬೇರೆಯಾಗಿ ಓದಿ ಹೇಳಿದಳು. ನಾನು ರಜೆ ಹಾಕಿ ಜೊತೆಗೆ ಹೊರಟೆ. ಅವಳ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಕುರ್ಚಿಯ ಚೌಕಟ್ಟು, ಅದರಲ್ಲಿ ಅವಳು ಕೈಯಾರೆ ಹೆಣೆದ ಬೆತ್ತ. ಮೂರು ಗಂಟೆಯೂ ಅದನ್ನು ನನಗೆ ಹಿಡಿದುಕೊಳ್ಳಲು ಕೊಡಲಿಲ್ಲ.

ತರಗತಿ ಇದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಮೂವತ್ತು ಜನ ಇದ್ದರು. ಬಡಗಿಗಳು, ನಿವೃತ್ತರು, ಗಂಡನನ್ನು ಒತ್ತಾಯಕ್ಕೆ ಎಳೆದುಕೊಂಡು ಬಂದಿದ್ದ ಒಬ್ಬ ದರ್ಜಿಯಮ್ಮ. ಉದ್ದನೆಯ ಮೇಜುಗಳ ಮೇಲೆ ನೀರಿನ ತೊಟ್ಟಿಗಳು, ಅವುಗಳಲ್ಲಿ ನೆನೆಯುತ್ತಿದ್ದ ಬೆತ್ತದ ಸುರುಳಿಗಳು. ಮೇಷ್ಟ್ರು ಒಳಗೆ ಬಂದರು. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ದನಿ ಮಾತ್ರ ಅದೇ. ಆ ದನಿ ಕೇಳಿದ್ದೇ ತಡ, ಅತ್ತಿಗೆಯ ಕಣ್ಣು ತುಂಬಿಬಂತು. ನಾನು ಮೊಣಕೈಯಿಂದ ತಿವಿದೆ, ಮದುಮಗಳ ಹಾಗೆ ಮಾಡಬೇಡ ಎಂದೆ.

ಮೇಷ್ಟ್ರು ದಬ್ಬಳ ತೆಗೆದುಕೊಂಡು ಮೊದಲ ಎಳೆ ಹಾಕಿ ತೋರಿಸಿದರು. ಬಲಗೈಯಲ್ಲಿ. ಅತ್ತಿಗೆ ನನ್ನ ಕಿವಿಯ ಹತ್ತಿರ ಬಾಗಿ, ಪಾಪ, ಇವತ್ತು ಎಡಗೈ ನೋವಿರಬೇಕು ಎಂದಳು. ಭಕ್ತಿ ಎಂದರೆ ಇದಪ್ಪಾ ಎಂದುಕೊಂಡೆ. ಆದರೆ ನಾನೂ ದಡ್ಡಿಯೇ, ನನಗೂ ಆಗ ಏನೂ ಹೊಳೆಯಲಿಲ್ಲ.

ಆಮೇಲೆ ಎಲ್ಲರೂ ತಂದಿದ್ದ ಹೆಣಿಗೆಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಒಳ್ಳೆಯ ಮಾತು ಹೇಳಿಯೇ ತಿದ್ದುತ್ತಿದ್ದರು, ಯಾರ ಮನಸ್ಸನ್ನೂ ನೋಯಿಸಲಿಲ್ಲ. ನಮ್ಮದರ ಮುಂದೆ ನಿಂತರು. ಹೆಬ್ಬೆರಳಿನಿಂದ ಒತ್ತಿದರು, ತಟ್ಟಿ ಕಿವಿಗೊಟ್ಟರು, ತಿರುಗಿಸಿ ತಳ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಚೌಕಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಬಿಗಿ ಚೆನ್ನಾಗಿದೆ, ಆದರೆ ಓರೆ ಎಳೆ ಈ ಮೂಲೆಯಿಂದ ಹೊರಡಬೇಕಾದ್ದು ಆ ಮೂಲೆಯಿಂದ ಹೊರಟಿದೆ, ಇಡೀ ಹೆಣಿಗೆಯೇ ಉಲ್ಟಾ ಎಂದರು. ಕೆಲವರು ಕಿಸಕ್ಕನೆ ನಕ್ಕರು.

"ಯಾರಮ್ಮ ನಿನಗೆ ಹೀಗೆ ಕಲಿಸಿದ್ದು?" ಎಂದು ಕೇಳಿದರು.

"ನೀವೇ," ಎಂದಳು ಅತ್ತಿಗೆ.

ಮೇಷ್ಟ್ರು ನಕ್ಕರು. ನಾನು ಎಡಚನಲ್ಲಮ್ಮ ಎಂದು ಬಲಗೈಯ ದಬ್ಬಳವನ್ನು ಎತ್ತಿ ಆಡಿಸಿದರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಕೈಗಡಿಯಾರ. ಅದು ಎಡ ಮಣಿಕಟ್ಟಿನಲ್ಲಿತ್ತು. ವಿಡಿಯೋದಲ್ಲಿ ಬಲ ಮಣಿಕಟ್ಟಿನಲ್ಲಿರುತ್ತಿತ್ತು. ಮೂರು ವರ್ಷ ಊಟದ ಹೊತ್ತಿಗೆಲ್ಲ ಅದನ್ನೇ ನೋಡಿದ್ದೇನೆ, ನನಗೆ ಗೊತ್ತಿಲ್ಲವೇ? ಫೋನ್ ತೆಗೆದು ಮೊದಲ ಪಾಠ ಹಾಕಿ ಅವರ ಮುಖದ ಮುಂದೆ ಹಿಡಿದೆ. ವಿಚಾರಣೆ ಕಿಟಕಿಯ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಹಾಗಾದರೆ ಇದು ಯಾರ ಕೈ ಎಂದು ಕೇಳಿದೆ. ಮೂವತ್ತು ಜನರೂ ತಮ್ಮ ತಮ್ಮ ಫೋನ್ ತೆಗೆದರು. ಎಲ್ಲದರಲ್ಲೂ ದಬ್ಬಳ ಎಡಗೈಯಲ್ಲೇ. ಕನ್ನಡಿಯಲ್ಲಿ ಕಂಡ ಹಾಗೆ ಇಡೀ ವಿಡಿಯೋ ಎಡಬಲ ಅದಲುಬದಲಾಗಿತ್ತು. ಮುಂದಿನ ಸಾಲಿನ ಬಡಗಿಯೊಬ್ಬ, ಬಲಗೈಯಲ್ಲಿ ಮಾಡುತ್ತಾ ಕಣ್ಣಲ್ಲಿ ಇದನ್ನು ನೋಡುತ್ತಾ ನಾಲ್ಕನೇ ಸುತ್ತಿಗೆ ನನ್ನ ಎಳೆಗಳೆಲ್ಲ ಯಾಕೆ ಜಗಳಕ್ಕೆ ಬೀಳುತ್ತವೆ ಎಂದು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ ಎಂದು ಗೊಣಗಿದ. ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಕಾಲು ಗಂಟೆ ಬಿಡುವು ಎಂದು ಹೇಳಿ ನಮ್ಮಿಬ್ಬರನ್ನು ಹೊರಗೆ ಕರೆದರು.

ಕಾರಿಡಾರಿನಲ್ಲಿ, ನೀರಿನ ನಲ್ಲಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದರು. ಒಬ್ಬರೇ ವಿಡಿಯೋ ಮಾಡುತ್ತಿದ್ದರಂತೆ. ತಮ್ಮ ಕೈ ತಮಗೆ ಕಾಣಲಿ ಎಂದು ಫೋನಿನ ಮುಂದಿನ ಕ್ಯಾಮೆರಾ ಬಳಸಿದರಂತೆ, ಅದು ಕನ್ನಡಿಯ ಹಾಗೆ ತಿರುಗಿಸಿ ಹಿಡಿಯಿತಂತೆ. ಒಂದು ವರ್ಷದ ಹಿಂದೆ ಯಾರೋ ಬರೆದು ತಿಳಿಸಿದಾಗಲೇ ಗೊತ್ತಾಗಿತ್ತು. ನೂರ ನಲವತ್ತನ್ನೂ ಮತ್ತೆ ಮಾಡುವುದು ಯಾರಿಂದಾದೀತು ಎಂದು ಆ ಮಾತನ್ನೇ ಅಳಿಸಿಬಿಟ್ಟಿದ್ದರು. ಯಾರಾದರೂ ಇದಕ್ಕಾಗಿ ಕೈಯನ್ನೇ ಬದಲಾಯಿಸಿಯಾರು ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಬಿಗಿಯಾದ ಹೆಣಿಗೆಯನ್ನು ಬೇರೆಯವರ ಕೈಯಲ್ಲಿ ನೋಡಿಲ್ಲ ಎಂದರು. ಅದು ಬಾಯಿಮಾತಲ್ಲ, ಚೌಕಟ್ಟನ್ನು ಕೆಳಗಿಡಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ.

ಆಮೇಲೆ ಅಸಲು ವಿಷಯ ಬಂತು. ಮುಂದಿನ ತಿಂಗಳು ಒಂದು ತರಬೇತಿ ಸಂಸ್ಥೆ ಅವರ ವಿಡಿಯೋಗಳನ್ನೇ ಪಾಠವಾಗಿ ತೆಗೆದುಕೊಳ್ಳಲಿತ್ತು. ತಪ್ಪಿದೆ ಎಂದು ಸುದ್ದಿಯಾದರೆ ಅದು ಕೈತಪ್ಪಿ ಹೋಗುತ್ತದೆ.

"ಒಳಗೆ ಬಂದು, ನಾನು ಹುಟ್ಟಿನಿಂದಲೇ ಎಡಗೈಯವಳು ಅಂತ ಒಂದು ಮಾತು ಹೇಳಿಬಿಡು ತಾಯಿ," ಎಂದರು. "ಹೆಣಿಗೆ ಉಲ್ಟಾ ಬಂದದ್ದು ಅದಕ್ಕೇ ಅಂತಾಗುತ್ತೆ. ವಿಡಿಯೋ ತಿರುಗಿ ಕಾಣೋದು ನೋಡೋರ ಫೋನಿನ ದೋಷ ಅಂತ ಹೇಳಿ ಮಿಕ್ಕಿದ್ದನ್ನ ನಾನು ನೋಡ್ಕೋತೀನಿ. ಪತ್ರ ಈಗಲೇ ಬರೆದುಕೊಡ್ತೀನಿ."

ಜೇಬಿನಿಂದ ಪೆನ್ನನ್ನೂ ತೆಗೆದರು. ನಾನು ಸತ್ಯ ಹೇಳುತ್ತೇನೆ, ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಒಂದು ಸುಳ್ಳು, ಅದೂ ಯಾರಿಗೂ ನಷ್ಟವಿಲ್ಲದ್ದು. ಹೇಳಿಬಿಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ ಎಂದು ಅವಳ ತೋಳು ಹಿಡಿದು ಅಲ್ಲಾಡಿಸಿದೆ. ಸೋಮವಾರವನ್ನು ನೆನಪಿಸಿದೆ, ಪ್ಯಾಕಿಂಗ್ ಕಂಪನಿಯನ್ನು ನೆನಪಿಸಿದೆ.

ಅತ್ತಿಗೆ ನನ್ನ ಕೈಯನ್ನು ಬಿಡಿಸಿಕೊಂಡಳು. ಮೇಷ್ಟ್ರ ಮುಖವನ್ನು ನೇರವಾಗಿ ನೋಡಿದಳು.

"ಆರು ತಿಂಗಳು ಈ ಕೈನ ಪಳಗಿಸಿದೀನಿ ಮೇಷ್ಟ್ರೇ," ಎಂದಳು. "ಪಾತ್ರೆ ಬೀಳಿಸ್ಕೊಂಡು, ಬೆರಳು ಚುಚ್ಚಿಸ್ಕೊಂಡು, ಮನೆಯವರ ಹತ್ರ ನಗಿಸ್ಕೊಂಡು. ಅದನ್ನ ಹುಟ್ಟಿದಾಗಲೇ ಬಂದಿತ್ತು ಅಂತ ಯಾಕೆ ಹೇಳ್ಲಿ?"

ಅವರು ಪೆನ್ನು ಹಿಡಿದುಕೊಂಡೇ ನಿಂತರು. ಅವಳು ಅವರ ಕೈಯಿಂದ ತನ್ನ ಚೌಕಟ್ಟನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ನಡೆದಳು. ಬಿಡುವು ಮುಗಿದ ಮೇಲೆ ಮೇಷ್ಟ್ರು, ಧೈರ್ಯ ಮಾಡಿಯೋ, ಅವಳು ಮನಸ್ಸು ಬದಲಾಯಿಸಿದ್ದಾಳು ಎಂಬ ಆಸೆಯಿಂದಲೋ, ಈ ತಾಯಿ ಹುಟ್ಟಿನಿಂದ ಎಡಗೈಯವರಂತೆ, ಅದಕ್ಕೇ ಹೀಗಾಗಿದೆ ಎಂದು ಶುರುಮಾಡಿದರು. ಅತ್ತಿಗೆ ಎದ್ದು ನಿಂತು ಅಲ್ಲ ಎಂದಳು. ನಾನು ಬಲಗೈಯವಳು, ವಿಡಿಯೋ ತಿರುಗಿದೆ, ನೀವೆಲ್ಲ ಕನ್ನಡಿ ಇಟ್ಟುಕೊಂಡು ಅದರಲ್ಲಿ ನೋಡಿ ಕಲಿತರೆ ಸರಿಯಾಗುತ್ತೆ ಎಂದು ಹೇಳಿ ಕೂತಳು. ದನಿ ಏರಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಸಂಜೆಯವರೆಗೂ ಅಲ್ಲೇ ಕೂತು ಅಂಚು ಕಟ್ಟುವ ಪಾಠವನ್ನು ಪೂರ್ತಿ ಕೇಳಿಸಿಕೊಂಡಳು. ಬಂದದ್ದೇ ಕಲಿಯಲು ಅಲ್ಲವೇ ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಮೇಷ್ಟ್ರಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವಳು ಬೈಯಲು ಬಿಡಲಿಲ್ಲ. ಕಲಿಸಿದ್ದು ಅವರೇ, ಅದನ್ನೂ ಸುಳ್ಳು ಮಾಡಲಾರೆ ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಮೂರು ವರ್ಷ ಒಬ್ಬರನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದವಳು. ಕೆಳಗಿಳಿಸಿದಾಗ ಕುತ್ತಿಗೆ ನೋಯದೆ ಇರುತ್ತದೆಯೇ?

ಸೋಮವಾರ ಸಮಿತಿಯ ಸಭೆ ಓದುವ ಕೋಣೆಯಲ್ಲೇ ನಡೆಯಿತು. ಅತ್ತಿಗೆ ತನ್ನ ಚೌಕಟ್ಟನ್ನು ಮೇಜಿನ ಮೇಲಿಟ್ಟು ಕೂತಳು, ಪಕ್ಕದಲ್ಲಿ ನಾನು. ಐದು ಜನ ಸದಸ್ಯರು, ಉದ್ದ ಮೇಜು, ತುದಿಯಲ್ಲಿ ನಡಾವಳಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದ ಗ್ರಂಥಪಾಲಕಿ. ಅಧ್ಯಕ್ಷರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಕಾಗದವಿಲ್ಲದೆ ಗಾಳಿಯನ್ನೂ ನಂಬದ ಆಸಾಮಿ. ಪತ್ರ ಎಲ್ಲಿ ಎಂದು ಕೇಳಿದರು. ಅತ್ತಿಗೆ ಇಲ್ಲ ಎಂದಳು. ಯಾರ ಹತ್ತಿರ ಕಲಿತದ್ದು ಎಂದು ಕೇಳಿದ್ದಕ್ಕೆ ಮೇಷ್ಟ್ರ ಹೆಸರು ಹೇಳಿದಳು. ಅವರು ಯಾಕೆ ಬರೆದುಕೊಡಲಿಲ್ಲ ಎಂದು ಕೇಳಿದಾಗ, ಅದನ್ನು ಅವರನ್ನೇ ಕೇಳಿ ಸಾರ್ ಎಂದಳು. ಅಧ್ಯಕ್ಷರು ಆ ಮಾತನ್ನು ಹಿಡಿದುಕೊಂಡುಬಿಟ್ಟರು. ಗ್ರಂಥಪಾಲಕಿಯಿಂದ ನಂಬರ್ ಹುಡುಕಿಸಿ, ಫೋನನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಷ್ಟ್ರಿಗೆ ಕರೆ ಮಾಡಿದರು. ಅತ್ತಿಗೆ ಎದುರಿಗಿದ್ದಾಳೆ ಎನ್ನುವುದನ್ನು ಹೇಳಲಿಲ್ಲ. ಆಕೆಯ ಕೆಲಸ ಹೇಗೆ ಎಂದಷ್ಟೇ ಕೇಳಿದರು.

ಮೇಷ್ಟ್ರು ಕೆಟ್ಟ ಮಾತು ಆಡಲಿಲ್ಲ. ಕೆಲಸ ಬಹಳ ಚೆನ್ನಾಗಿದೆ, ಅರವತ್ತಲ್ಲ ಆರುನೂರು ಕುರ್ಚಿ ಒಪ್ಪಿಸಿದರೂ ಭಯವಿಲ್ಲ ಎಂದರು. ಅಧ್ಯಕ್ಷರ ಮುಖ ಸಡಿಲವಾಯಿತು. ಗ್ರಂಥಪಾಲಕಿ ನನ್ನ ಕಡೆ ನೋಡಿ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಮೇಷ್ಟ್ರ ಗಂಟೇನು ಹೋಗುತ್ತಿತ್ತೋ ಕಾಣೆ.

"ಒಂದೇ ವಿಷಯ," ಎಂದಿತು ಫೋನಿನ ದನಿ. "ಆಕೆ ಹುಟ್ಟಿನಿಂದ ಎಡಗೈಯವರು. ಹೆಣಿಗೆ ಸ್ವಲ್ಪ ಉಲ್ಟಾ ಕಂಡರೆ ಅದಕ್ಕೇ ಅಂತ ತಿಳ್ಕೊಳ್ಳಿ. ಹುಟ್ಟುಗುಣ, ಏನ್ಮಾಡೋಕಾಗುತ್ತೆ."

ನಾನು ಮೇಜಿನ ಕೆಳಗೆ ಅತ್ತಿಗೆಯ ಕಾಲನ್ನು ತುಳಿದೆ. ಗಟ್ಟಿಯಾಗಿಯೇ ತುಳಿದೆ. ಕೆಲಸ ಕೈಗೆ ಬಂದಿತ್ತು. ಅವಳು ಮಾಡಬೇಕಾದದ್ದು ತುಟಿ ಪಿಟಕ್ ಅನ್ನದೆ ಕೂರುವುದು, ಅಷ್ಟೇ. ಅವಳು ಕಾಲನ್ನು ಎಳೆದುಕೊಂಡು ಫೋನಿನ ಮೇಲೆ ಬಾಗಿದಳು.

"ಮೇಷ್ಟ್ರೇ, ನಾನು ಇಲ್ಲೇ ಇದೀನಿ," ಎಂದಳು. "ನಾನು ಬಲಗೈಯವಳು."

ಐದು ಜನ ಸದಸ್ಯರೂ ಫೋನನ್ನೇ ನೋಡುತ್ತಿದ್ದರು. ಯಾರ್ಯಾರು ಕೇಳಿಸಿಕೊಳ್ಳುತ್ತಿದ್ದೀರಿ ಎಂದು ಮೇಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು. ಸಮಿತಿ ಪೂರ್ತಿ ಇದೆ ಎಂದರು ಅಧ್ಯಕ್ಷರು. ಮೇಷ್ಟ್ರು ಫೋನ್ ಇಟ್ಟುಬಿಟ್ಟರು.

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಕಥೆ, ನಾಳೆಯಿಂದ ಪ್ಯಾಕಿಂಗ್ ಎಂದುಕೊಂಡೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಅಷ್ಟು ಹೊಗಳುತ್ತಿದ್ದವರ ಮಾತಿಗೆ ಯಾಕಮ್ಮ ಅಡ್ಡ ಹಾಕಿದೆ ಎಂದು ಕೇಳಿದರು.

"ಅವರು ಹೊಗಳಿದ್ದು ನನ್ನನ್ನಲ್ಲ ಸಾರ್, ನಮ್ಮಮ್ಮ ಹೆತ್ತದ್ದನ್ನ," ಎಂದಳು ಅತ್ತಿಗೆ. "ಎಡಗೈಲಿ ಕಲಿತದ್ದು ನಾನು. ಆ ಮಾತು ಬಿಟ್ಟುಕೊಟ್ಟು ಸಿಗೋ ಕೆಲಸ ನನಗೆ ಬೇಡ. ಪ್ಲಾಸ್ಟಿಕ್ ಹಾಕಿಸ್ತೀರೋ, ಹಾಕಿಸಿ."

ಅಧ್ಯಕ್ಷರು ಅವಳ ಚೌಕಟ್ಟನ್ನು ಹತ್ತಿರ ಎಳೆದುಕೊಂಡು, ಎರಡೂ ಅಂಗೈ ಊರಿ ತಮ್ಮ ಭಾರವನ್ನೆಲ್ಲ ಅದರ ಮೇಲೆ ಹಾಕಿದರು. ಬೆತ್ತ ಜಗ್ಗಲಿಲ್ಲ. ಎಡಗೈ ಬಿಟ್ಟು ಬಲಗೈಯಲ್ಲೂ ಹೀಗೇ ಹೆಣೆಯಬಲ್ಲೆಯಾ ಎಂದು ಕೇಳಿದರು. ಬಲಗೈಗೆ ಕಲಿಸಲು ಆರು ತಿಂಗಳು ಬೇಕು, ಕುರ್ಚಿಗಳು ಅಷ್ಟು ದಿನ ಕಾಯುವುದಾದರೆ ಕಲಿಯುತ್ತೇನೆ ಎಂದಳು ಅವಳು. ಅದು ಬೇಡ ಎಂದು ಅವರು ಗ್ರಂಥಪಾಲಕಿಯ ಕಡೆ ತಿರುಗಿದರು. ಕೆಲಸ ಚೆನ್ನಾಗಿದೆ ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದ್ದಾರೆ ಅಂತ ಬರೆಯಿರಿ, ಮಿಕ್ಕಿದ್ದನ್ನು ಆಕೆ ಹೇಳಿದ ಹಾಗೆ ಬರೆಯಿರಿ, ಅರವತ್ತೂ ಕುರ್ಚಿ ಆಕೆಗೇ ಎಂದರು.

ಗ್ರಂಥಪಾಲಕಿ ಬರೆದು, ಪುಸ್ತಕವನ್ನು ಅತ್ತಿಗೆಯ ಮುಂದಕ್ಕೆ ತಳ್ಳಿ, ಪೆನ್ನು ಕೊಟ್ಟರು. ಐವರ ಕಣ್ಣೂ ಅವಳ ಕೈಗಳ ಮೇಲಿತ್ತು, ನನ್ನದೂ. ಅತ್ತಿಗೆ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಬಲಗೈಯಲ್ಲಿ ಪೆನ್ನು ಹಿಡಿದು, ಯಾರ ಮುಖವನ್ನೂ ನೋಡದೆ ಸಹಿ ಹಾಕಿದಳು. ತೀರಾ ತೂತು ಬಿದ್ದಿರುವ ಕುರ್ಚಿಗಳನ್ನು ಮೊದಲು ಕೊಡಿ ಎಂದಳು.